ಹದಿನೇಳು ಮನೆಗಳ ‘ಅಡ್ಡಿ ಇಲ್ಲ’

ನಮ್ಮ ಮಾಸ್ಟ್ರು ತೀರಿಕೊಂಡ ಮೇಲೆ ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಮೂವರು ಮಾತಾಡಿದರು, ಮೂವರೂ ಅವರನ್ನು ‘ನಿರ್ಭೀತ ಸಂಶೋಧಕ’ ಎಂದರು. ಸಂತಾಪ ಸಭೆಯಲ್ಲಿ ಎದ್ದು ನಿಂತು ಖಂಡಿಸುವ ಕ್ರಮ ನಮ್ಮಲ್ಲಿ ಇಲ್ಲ. ಆದ್ದರಿಂದ ಇಲ್ಲಿ ಖಂಡಿಸುತ್ತೇನೆ: ಅವರಷ್ಟು ಹೆದರುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ತೆಂಗಿನ ಮರದ ಕೆಳಗೆ ಹಾದು ಹೋಗುವಾಗ ಮೇಲೆ ನೋಡದೆ ಅವರು ಹೆಜ್ಜೆ ಇಟ್ಟವರಲ್ಲ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಆಗಬೇಕು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಜನವರಿಯಲ್ಲೂ ಕೈಯಲ್ಲಿ ಕೊಡೆ. ತೋಡಿನ ನೀರಿನ ಮೇಲೆ ಹಾಕಿದ ಮರದ ಸಂಕವನ್ನು, ಆ ಕಿರುಸೇತುವೆಯನ್ನು, ದಾಟುವ ಮೊದಲು ಆ ಕೊಡೆಯ ತುದಿಯಿಂದ ಎರಡು ಸಲ ಕುಟ್ಟಿ ನೋಡುವರು, ಆಮೇಲೆ ನಮ್ಮನ್ನು ಮೊದಲು ಕಳಿಸದೆ ತಾವೇ ಮೊದಲು ಹೋಗುವರು. ವಿದ್ಯಾರ್ಥಿಗಳು ಅವರನ್ನು ‘ಪುಕ್ಕಲು ಮಾಸ್ಟ್ರು’ ಎಂದು ಕರೆಯುತ್ತಿದ್ದದ್ದು ಅವರಿಗೆ ಗೊತ್ತಿತ್ತು. “ಹೆಸರು ಸರಿಯಾಗಿಯೇ ಉಂಟಲ್ಲ,” ಎನ್ನುತ್ತಿದ್ದರು.

ಅವರು ಕಲಿಸುತ್ತಿದ್ದದ್ದು ಯೋಜನಾ ನಿರ್ವಹಣೆ. ಸೇತುವೆಯೋ ಕಾರ್ಖಾನೆಯೋ ಬಂದರೋ, ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ತಡವಾದರೆ ಎಲ್ಲವೂ ತಡವಾಗುತ್ತದೆ ಎಂದು ವೃತ್ತ ಮತ್ತು ಬಾಣಗಳಲ್ಲಿ ಬರೆದು ತೋರಿಸುವ ಶಾಸ್ತ್ರ. ಎಪ್ಪತ್ತರ ದಶಕದ ಕೊನೆಗೆ ಮಣಿಪಾಲದ ಗುಡ್ಡದ ಮೇಲೆ ಅದು ಹೊಸ ವಿದ್ಯೆ. ಬೇರೆ ಮೇಷ್ಟ್ರುಗಳು ಕೊನೆಯ ವೃತ್ತದೊಳಗೆ ‘ಮುಕ್ತಾಯ’ ಎಂದು ಬರೆದು ಚಾಕ್ ಕೆಳಗಿಡುತ್ತಿದ್ದರು. ಇವರು ಮುಕ್ತಾಯದಿಂದ ಇನ್ನೊಂದು ಬಾಣ ಎಳೆಯುತ್ತಿದ್ದರು. ಬೋರ್ಡು ಮುಗಿದರೂ ಬಾಣ ಮುಗಿಯುತ್ತಿರಲಿಲ್ಲ. ಗೋಡೆಯ ಮೇಲೆ ಸಾಗಿ ಕಿಟಕಿಯ ಚೌಕಟ್ಟಿಗೆ ತಾಗಿ ನಿಲ್ಲುತ್ತಿತ್ತು. ಅಟೆಂಡರ್ ಸಂಜೆ ಒದ್ದೆ ಬಟ್ಟೆ ಹಿಡಿದು ಗೊಣಗುತ್ತಿದ್ದ: “ಇಷ್ಟು ದೊಡ್ಡ ಬೋರ್ಡು ಸಾಲುದಿಲ್ವಾ ಇವರಿಗೆ?”

“ರಿಬ್ಬನ್ ಕತ್ತರಿಸಿದ ಮರುದಿನ ಬೆಳಿಗ್ಗೆ ಅಲ್ಲಿಗೆ ಯಾರು ಬರ್ತಾರೆ?” ಇದು ಅವರ ಪ್ರಶ್ನೆ. ಯೋಜನೆ ಮುಗಿದ ಮೇಲೆ ಅದರ ಪಕ್ಕದಲ್ಲಿ ಬದುಕುವವರಿಗೆ ಏನಾಗುತ್ತದೆ ಎನ್ನುವುದು ಅವರ ಸಂಶೋಧನೆ. ಇಂಥದ್ದನ್ನೇ ಯಾಕೆ ಹಿಡಿದಿರಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಕಾಪುವಿನ ತಮ್ಮ ಮನೆಯ ಕಥೆ ಹೇಳಿದರು. ಇವರು ಚಿಕ್ಕವರಿರುವಾಗ ಕಡಲು ಅಂಗಳದವರೆಗೆ ಬರತೊಡಗಿತಂತೆ. ಊರಿನಲ್ಲಿ ಮಾತು ನಡೆಯುತ್ತಿದ್ದ ತಂದೆ ಅರ್ಜಿ ಹಾಕಿ, ಓಡಾಡಿ, ಮನೆಯ ಎದುರು ಕಲ್ಲು ಹಾಕಿಸಿದರು. ಮನೆ ಉಳಿಯಿತು. ಕಲ್ಲಿಗೆ ಬಡಿದ ತೆರೆ ಪಕ್ಕಕ್ಕೆ ತಿರುಗಿ, ಕಲ್ಲು ಮುಗಿಯುವಲ್ಲಿಂದ ಆಚೆಗೆ ಮಣ್ಣು ತಿನ್ನಲು ಹತ್ತಿತು. ಪಕ್ಕದ ಮನೆಯವರ ತೆಂಗುಗಳು ಒಂದೊಂದಾಗಿ ಬಿದ್ದವು. ಮೂರನೆಯ ಮಳೆಗಾಲಕ್ಕೆ ಮನೆಯೂ ಹೋಯಿತು.

“ಅವರು ನಮ್ಮ ತಂದೆಗೆ ಒಂದು ಮಾತು ಹೇಳ್ಲಿಲ್ಲ. ಪಾತ್ರೆ ಎಲ್ಲ ಗಾಡಿಗೆ ಹಾಕಿ, ನಮ್ಮಲ್ಲಿಗೆ ಬಂದು ಮಜ್ಜಿಗೆ ಕುಡಿದು ಹೋದರು,” ಎಂದರು. ಆಮೇಲೆ, “ಬೈದಿದ್ರೆ ಒಳ್ಳೆಯದಿತ್ತು,” ಎಂದರು.

ನಾನು ಕಾರ್ಕಳದವಳು. ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ ಮಾತಾಡಿ ಗೆದ್ದು ಬಂದವಳು. ‘ಈ ಹುಡುಗಿಗೆ ಬಾಯಿ ಜಾಸ್ತಿ’ ಎನ್ನುವುದೊಂದೇ ನನ್ನ ಶಿಫಾರಸು. ಅವರ ಸಂಶೋಧನಾ ಸಹಾಯಕಿಯಾಗಿ ಸೇರಿದ ಮೊದಲ ವಾರದಲ್ಲೇ ಜಗಳ ತೆಗೆದೆ.

“ಸರ್, ಹೆದರಿಕೆ ಸಾಕ್ಷ್ಯ ಅಲ್ಲ.”

“ಅಲ್ಲ,” ಎಂದರು. “ಆದ್ರೆ ಸಾಕ್ಷ್ಯ ಹುಡುಕಲಿಕ್ಕೆ ಚಾಪೆಯಿಂದ ಎಬ್ಬಿಸಿ ಕಳಿಸುವುದು ಅದೇ.”

“ಎಲ್ಲರೂ ನಿಮ್ಮ ಹಾಗೆ ಹೆದರಿದ್ರೆ ದೇಶದಲ್ಲಿ ಒಂದು ಸಂಕವೂ ಆಗುದಿಲ್ಲ.”

“ಒಬ್ಬರೂ ಹೆದರದಿದ್ರೆ ಸಂಕ ಆಗ್ತದೆ. ಒಂದೇ ಸಲ ದಾಟಬಹುದು.”

ನನಗೆ ಇದು ವಾದ ಎನಿಸಲಿಲ್ಲ, ಚಮತ್ಕಾರ ಎನಿಸಿತು. ಅವರ ಮಾತಿಗೆ ತೂಕ ಬಂದದ್ದು ಕೆಮ್ಮಣ್ಣಿನ ಕೆಲಸದಲ್ಲಿ. ಅದು ಬಂದ ದಾರಿ ನನ್ನ ತಪ್ಪು.

ಕೆಮ್ಮಣ್ಣಿನ ಹತ್ತಿರ ಹೊಳೆಗೆ ಅಡ್ಡಲಾಗಿ ಒಂದು ಕಿಂಡಿ ಅಣೆಕಟ್ಟು ಆಗಿತ್ತು. ಕಂಬಗಳ ನಡುವೆ ಕಿಂಡಿಗಳು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಮರದ ಹಲಗೆ ಇಳಿಸಿದರೆ ಕಡಲಿನ ಉಪ್ಪುನೀರು ಮೇಲಕ್ಕೆ ಬರುವುದಿಲ್ಲ, ಮೇಲಿನ ಸಿಹಿನೀರು ನಿಲ್ಲುತ್ತದೆ. ಮೇ ತಿಂಗಳ ಮೊದಲಿಗೆ ಹಲಗೆ ತೆಗೆಯುವುದು ಪದ್ಧತಿ. ತೆಗೆದ ಮೇಲೆ ಮಳೆ ಹಿಡಿಯುವವರೆಗೆ ಮೇಲಿನ ಊರಿನ ಬಾವಿಗಳು ಉಪ್ಪಾಗುತ್ತಿದ್ದವು. ಹಲಗೆಯನ್ನು ಮೇ ಕೊನೆಯವರೆಗೆ ಇಟ್ಟರೆ ಆ ತೊಂದರೆ ತಪ್ಪುತ್ತದೆ. ಅದು ಆ ಊರಿನವರ ನ್ಯಾಯವಾದ ಬೇಡಿಕೆ. ಆದರೆ ಅಣೆಕಟ್ಟಿನ ಸ್ವಲ್ಪ ಮೇಲೆ, ಹೊಳೆಯ ನಡುವೆ ಒಂದು ಕುದ್ರು ಉಂಟು; ಹದಿನೇಳು ಮನೆಗಳ ತಗ್ಗು ದ್ವೀಪ. ಹಲಗೆ ಇರುವಾಗಲೇ ದೊಡ್ಡ ಮಳೆ ಬಂದರೆ ನೀರಿಗೆ ಹೋಗಲು ದಾರಿ ಇಲ್ಲ, ಕುದ್ರಿನ ಮೇಲೆ ಹತ್ತುತ್ತದೆ. ಉಬ್ಬಿದ ಹಲಗೆಯನ್ನು ತುಂಬಿದ ನೀರಿನಲ್ಲಿ ಎತ್ತಲು ಆನೆಗೂ ಆಗದು. ಕುದ್ರಿನವರು ಏನೆನ್ನುತ್ತಾರೆ ಎಂದು ಕೇಳಿ ವರದಿ ಕೊಡಲು ಸಂಬಂಧಪಟ್ಟ ಕಛೇರಿ ಮಾಸ್ಟ್ರನ್ನು ಕೇಳಿತ್ತು.

ಏಪ್ರಿಲಿನಲ್ಲಿ ಇವರು ಪರೀಕ್ಷೆಯ ಕೆಲಸಕ್ಕೆ ಪರವೂರಿಗೆ ಹೋಗಬೇಕಾಯಿತು. “ಫಾರಂ ತುಂಬಿಸಿ ಇಟ್ಟಿರಿ. ನಾನು ಬಂದ ಮೇಲೆ ನೋಡುವ,” ಎಂದು ಹೇಳಿ ಹೋದರು.

ನಾನು ದೋಣಿ ಹತ್ತಿ ಕುದ್ರಿಗೆ ಹೋದೆ. ಸೈಕ್ಲೋಸ್ಟೈಲ್ ಮಾಡಿದ ಫಾರಂ: ‘ಹಲಗೆಗಳನ್ನು ಮೇ ಅಂತ್ಯದವರೆಗೆ ಉಳಿಸಿಕೊಳ್ಳುವುದಕ್ಕೆ ತಮ್ಮ ಆಕ್ಷೇಪ ಇದೆಯೇ?’ ಪಕ್ಕದಲ್ಲಿ ಎರಡು ಚೌಕ, ಇದೆ, ಇಲ್ಲ. ಮೊದಲನೆಯ ಮನೆ ಐಸಮ್ಮ ಎಂಬ ಬ್ಯಾರಿ ಮುಸ್ಲಿಂ ಹೆಂಗಸಿನದು. ಐವತ್ತರ ಮೇಲಿನ ವಯಸ್ಸು. ಗಂಡ ಮೊದಲು ದೋಣಿ ನಡೆಸುತ್ತಿದ್ದವರು, ಈಗ ಪಕ್ಷವಾತ ಬಡಿದು ಮಂಚದ ಮೇಲೆ. ನಾನು ಪ್ರಶ್ನೆ ಓದಿದೆ. ಆಕೆ ಸೆರಗಿನಿಂದ ಬೆಂಚು ಒರೆಸುತ್ತ ನಕ್ಕರು. “ಅಡ್ಡಿ ಇಲ್ಲ ಮಗಳೇ. ಕೂತುಕೋ. ಬಿಸಿಲಲ್ಲಿ ಬಂದಿದ್ದಿ.”

ಅಡ್ಡಿ ಇಲ್ಲ ಎಂದರೆ ಆಕ್ಷೇಪ ಇಲ್ಲ. ಗೀಟು ಹಾಕಿದೆ. ಮುಂದಿನ ಮನೆಯಲ್ಲೂ ಅಡ್ಡಿ ಇಲ್ಲ, ಅದರಾಚೆಯ ಮೀನುಗಾರರ ಮನೆಯಲ್ಲೂ ಅಡ್ಡಿ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಹದಿನೇಳು ಫಾರಂ ಮುಗಿದವು. ಇಷ್ಟು ಸ್ಪಷ್ಟವಾದ ಉತ್ತರಕ್ಕೆ ಯಾರನ್ನು ಕಾಯುವುದು ಎಂದು ಮರುದಿನವೇ ಸಾರಾಂಶ ಟೈಪು ಮಾಡಿಸಿ ಉಡುಪಿಯ ಕಛೇರಿಗೆ ಕೊಟ್ಟು ಬಂದೆ. ಚುರುಕುತನ ಎಂದು ನನಗೆ ನಾನೇ ಹೇಳಿಕೊಂಡೆ.

ಇವರು ಬಂದು ಫಾರಂಗಳನ್ನು ಒಂದೊಂದಾಗಿ ಮಗುಚಿದರು. “ಇದು ನೀವು ಹಾಕಿದ ಗೀಟು. ಅವರು ಹೇಳಿದ ಶಬ್ದ ಯಾವುದು?”

“ಅಡ್ಡಿ ಇಲ್ಲ ಅಂದರು.”

“ಎಲ್ಲರೂ?”

“ಎಲ್ಲರೂ.”

ಅವರು ಕನ್ನಡಕ ತೆಗೆದರು. “ಮಾರಾಯ್ರೆ, ನಿಮ್ಮ ಮನೆಯಲ್ಲಿ ಯಾರಾದರೂ ಕಾಲು ಮುರಿದು ಮಲಗಿದಾಗ ಹೇಗುಂಟು ಅಂತ ಕೇಳಿದ್ರೆ ಎಂತ ಹೇಳ್ತಾರೆ?”

ಅಡ್ಡಿ ಇಲ್ಲ ಅನ್ನುತ್ತಾರೆ. ನನ್ನ ಅಜ್ಜ ಸಾಯುವ ಹಿಂದಿನ ದಿನವೂ ಅದನ್ನೇ ಹೇಳಿದ್ದರು. ನಮ್ಮ ಕಡೆ ಅದು ಒಪ್ಪಿಗೆಯಲ್ಲ, ಉತ್ತರವೂ ಅಲ್ಲ. ಸಾರು ಉಪ್ಪಾದರೂ ಅಡ್ಡಿ ಇಲ್ಲ, ಮಗಳ ಗಂಡ ಕುಡುಕನಾದರೂ ಅಡ್ಡಿ ಇಲ್ಲ. ಸಹಿಸುತ್ತೇವೆ, ನೀವು ಬೇಜಾರು ಮಾಡಬೇಡಿ ಎಂದು ಬಂದವರಿಗೆ ಮಾಡುವ ಮರ್ಯಾದೆ. ಬಯಲುಸೀಮೆಯ ಹುಡುಗಿಯೊಬ್ಬಳು ಹೋಗಿದ್ದರೆ ‘ಹಾಗೆಂದರೇನು’ ಎಂದು ತಿರುಗಿ ಕೇಳುತ್ತಿದ್ದಳು. ನಾನು ಊರಿನವಳು, ಕೇಳಲಿಲ್ಲ. ಕಾಗದ ಹಿಡಿದ ಕೂಡಲೇ ತುಳು ಬಿಟ್ಟು ಕನ್ನಡದಲ್ಲಿ ಕೇಳಿದೆ, ಅವರು ಕನ್ನಡದಲ್ಲಿ ಮರ್ಯಾದೆ ಮಾಡಿದರು, ನಾನು ಚೌಕಕ್ಕೆ ಗೀಟು ಹಾಕಿದೆ.

“ಫಾರಂ ಇಲ್ಲೇ ಉಂಟಲ್ಲ, ಸರಿ ಮಾಡುವ,” ಎಂದರು.

“ಸಾರಾಂಶ ಕಛೇರಿಗೆ ಕೊಟ್ಟಾಗಿದೆ ಸರ್.”

ಅವರು ಬೈಯಲಿಲ್ಲ. ಕೊಡೆ ತೆಗೆದುಕೊಂಡು ಎದ್ದರು.

ಕಛೇರಿಯ ಎಂಜಿನಿಯರ್ ಸಭ್ಯ ಮನುಷ್ಯ. “ನಿಮ್ಮವರೇ ಬರೆದುಕೊಟ್ಟದ್ದಲ್ವಾ ಸರ್? ಹದಿನೇಳಕ್ಕೆ ಹದಿನೇಳು. ಹಲಗೆ ಮೇ ಕೊನೆಗೆ ಅಂತ ಆರ್ಡರ್ ಆಯ್ತು. ಈಗ ಅಲ್ಲ ಅಂದ್ರೆ, ಅಲ್ಲ ಅಂತ ಬರೆದುಕೊಡಿ. ಮೇಲೆ ಕಳಿಸ್ತೇನೆ. ವಾಪಸು ಬರ್ಲಿಕ್ಕೆ ದಿನ ಹಿಡೀತದೆ.” ಇವರು ಅಲ್ಲೇ ಕೂತು ಬರೆದರು: ‘ನಾನು ನಡೆಸಿದ ಸಮೀಕ್ಷೆಯಲ್ಲಿ ನನ್ನಿಂದ ತಪ್ಪಾಗಿದೆ.’ ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವರ ಕೊಡೆ ನನ್ನ ಕಾಲನ್ನು ಕುಟ್ಟಿತು.

ಮರುದಿನ ಇಬ್ಬರೂ ಕುದ್ರಿಗೆ ಹೋದೆವು. ಅವರು ಫಾರಂ ತರಲಿಲ್ಲ. ಆಕ್ಷೇಪ ಎನ್ನುವ ಶಬ್ದವನ್ನೇ ತೆಗೆಯಲಿಲ್ಲ. ಅಂಗಳದಲ್ಲಿ ನಿಂತು ತುಳುವಿನಲ್ಲಿ, ಹೋದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರು. ಐಸಮ್ಮ ನಮ್ಮನ್ನು ಒಳಗೆ ಕರೆದರು. ಗಂಡನ ಮಂಚದ ನಾಲ್ಕು ಕಾಲುಗಳ ಕೆಳಗೂ ಒಂದೊಂದು ಕೆಂಪು ಕಲ್ಲು. ಕಲ್ಲಿನ ಅರ್ಧದವರೆಗೆ ಕೆಸರಿನ ಗುರುತು. ಗೋಡೆಯ ಪಕ್ಕದಲ್ಲಿ ಇನ್ನೂ ನಾಲ್ಕು ಕಲ್ಲು ಹೊಸದಾಗಿ ತಂದು ಇಟ್ಟಿತ್ತು.

“ಇದು ಎಂತಕ್ಕೆ?” ಎಂದೆ.

“ಈ ಸಲ ಹಲಗೆ ಇರ್ತದಂತಲ್ಲ.”

“ಮತ್ತೆ ನೀವು ನನ್ನ ಹತ್ರ ಅಡ್ಡಿ ಇಲ್ಲ ಅಂದಿರಿ?”

ಆಕೆಗೆ ನನ್ನ ಮೇಲೆ ಕನಿಕರ ಬಂದಂತಿತ್ತು. “ಕಾಗದ ಹಿಡ್ಕೊಂಡು ಅಷ್ಟು ದೂರದಿಂದ ಬಂದವಳಿಗೆ ಬೇರೆ ಎಂತ ಹೇಳುದು ಮಗಳೇ?”

ಮಂಚದ ಮೇಲಿದ್ದವರು ಮಾತಾಡಲಾರರು. ಕಣ್ಣು ಮಾತ್ರ ನಮ್ಮಿಬ್ಬರ ನಡುವೆ ಹೋಗಿ ಬರುತ್ತಿತ್ತು. ಆ ದಿನದಿಂದ ನನಗೆ ಆಕಾಶ ನೋಡುವ ಚಟ ಹತ್ತಿತು. ಮೇ ತಿಂಗಳ ಸೆಖೆಯಲ್ಲಿ ಎಲ್ಲರೂ ಒಂದು ಮಳೆ ಬರಲಿ ಎನ್ನುತ್ತಿದ್ದರು. ನಾನು ಒಬ್ಬಳೇ ಬಾರದಿರಲಿ ಎನ್ನುತ್ತಿದ್ದೆ. ಬೆಳಿಗ್ಗೆ ಎದ್ದು ಮೊದಲು ಪೂರ್ವಕ್ಕೆ ನೋಡುವುದು. ಘಟ್ಟದ ಮೇಲೆ ಒಂದು ತುಂಡು ಮೋಡ ಕಂಡರೂ ಅದು ಕರಗುವವರೆಗೆ ಅಂಗಳ ಬಿಟ್ಟು ಹೋಗುತ್ತಿರಲಿಲ್ಲ. ಕಛೇರಿಯಿಂದ ಉತ್ತರ ಬರಲಿಲ್ಲ.

ಅವರಿಗೆ ಕಾರ್ಕಳದಲ್ಲಿ ಉತ್ತರ ಪತ್ರಿಕೆಗಳ ಮೌಲ್ಯಮಾಪನ ಇದ್ದ ಒಂದು ದಿನ ನಾನೂ ಅಲ್ಲಿ ಮನೆಯಲ್ಲಿದ್ದೆ. ಊಟದ ಹೊತ್ತಿಗೆ ಹಗಲೇ ಮುಸುಕಿ, ಧೋ ಎಂದು ಮಳೆ ಸುರಿಯಿತು. ನಮ್ಮ ಮನೆಯ ಬಾಗಿಲು ಬಡಿದ ಸದ್ದು. ತೆರೆದರೆ ಇವರು, ಕೊಡೆ ಇದ್ದೂ ತಲೆಯಿಂದ ನೀರು ಇಳಿಯುತ್ತಿತ್ತು.

“ಹೊರಡಿ.”

“ಈ ಮಳೆಯಲ್ಲಿ ಎಲ್ಲಿಗೆ ಮಾಸ್ಟ್ರೇ?” ಎಂದು ಅಮ್ಮ ಒಳಗಿಂದ ಕೇಳಿದರು.

“ಘಟ್ಟದ ಬುಡದಲ್ಲಿ ಬೆಳಿಗ್ಗೆಯಿಂದ ಹೀಗೇ ಅಂತೆ ಅಮ್ಮಾ. ಈ ನೀರು ಕೆಮ್ಮಣ್ಣಿಗೆ ಹೋಗ್ತದೆ.”

ಆ ಬಸ್ಸಿನ ಪ್ರಯಾಣವನ್ನು ನಾನು ಇಂದಿಗೂ ಮರೆತಿಲ್ಲ. ಸ್ವರ್ಣಾ ನದಿ ಹುಟ್ಟುವುದು ಕಾರ್ಕಳದ ಆಚೆಯ ಘಟ್ಟದಲ್ಲಿ, ಮುಗಿಯುವುದು ಕೆಮ್ಮಣ್ಣಿನ ಕಡೆ. ನಾವು ಬಸ್ಸಿನಲ್ಲಿ, ನೀರು ಹೊಳೆಯಲ್ಲಿ. ಇಬ್ಬರಿಗೂ ಹೋಗಬೇಕಾದ್ದು ಒಂದೇ ಊರಿಗೆ. ಬಸ್ಸು ಪ್ರತಿ ನಿಲ್ದಾಣದಲ್ಲಿ ನಿಂತು ಕೂಗಿ ಕರೆದು ಜನ ಹತ್ತಿಸುತ್ತಿತ್ತು.  ಇವರ ಬಲಗಾಲು ಈ ಸಲ ಬ್ರೇಕು ಒತ್ತಲಿಲ್ಲ.

ಮಣಿಪಾಲದ ಇಳಿಜಾರಿಗೆ ಬರುವಾಗ ಮಳೆ ನಿಂತಿತ್ತು. ಉಡುಪಿಯಲ್ಲಿ ಸುಡುವ ಬಿಸಿಲು. ಅದು ಮಳೆಗಿಂತ ಹೆಚ್ಚು ಹೆದರಿಸಿತು. ಇಲ್ಲಿ ಯಾರೂ ನಂಬುವುದಿಲ್ಲ. ಕಛೇರಿಯ ಗುಮಾಸ್ತ ನಮ್ಮ ಒದ್ದೆ ಬಟ್ಟೆ ನೋಡಿ ನಕ್ಕ. “ಎಂತ ಸರ್, ಕೆರೆಗೆ ಬಿದ್ರಾ? ಸಾಹೇಬ್ರು ಮದುವೆಗೆ ಹೋಗಿದ್ದಾರೆ. ಮಳೆ ಎಲ್ಲಿ ಉಂಟು ಇಲ್ಲಿ?”

ಅಣೆಕಟ್ಟಿಗೆ ಹೋಗುವಾಗ ಮೂರೂವರೆ. ಹೊಳೆ ಕನ್ನಡಿಯ ಹಾಗೆ ನಿಂತಿತ್ತು. ಕಾವಲಿಗಿದ್ದ ಸಂಜೀವ ದಿನಗೂಲಿಯವನು. ಹಲಗೆ ಎತ್ತುವ ಕೊಕ್ಕೆ, ಹಗ್ಗಗಳ ಕೋಣೆಯ ಬೀಗದ ಕೈ ಅವನ ಸೊಂಟದಲ್ಲಿ.

“ಆರ್ಡರ್ ಉಂಟಾ ಸರ್?”

“ಇಲ್ಲ.”

“ಹಾಗಾದ್ರೆ ಹೇಗೆ? ನನ್ನ ಕೆಲಸ ಹೋಗ್ತದೆ.”

ಇವರು ಜೇಬಿನಿಂದ ಒದ್ದೆಯಾದ ಕಾಗದ ತೆಗೆದು ನನ್ನ ಬೆನ್ನ ಮೇಲೆ ಇಟ್ಟು ಬರೆದರು. ಹಲಗೆ ತೆಗೆಸಿದವನು ತಾನು, ಕಾವಲುಗಾರ ಬೇಡವೆಂದರೂ ಒತ್ತಾಯ ಮಾಡಿದವನು ತಾನು ಎಂದು. 

ಸಂಜೀವ ಓದಿದ. “ನಿಮಗೆ ಅಧಿಕಾರ ಉಂಟಾ ಸರ್?”

“ಅಧಿಕಾರ ಇಲ್ಲ. ಸಹಿ ಉಂಟು.”

ಸಂಜೀವ ಒಮ್ಮೆ ಹೊಳೆ ನೋಡಿದ, ಒಮ್ಮೆ ಪೂರ್ವಕ್ಕೆ ನೋಡಿದ. ಬೀಗ ತೆಗೆದ.

ಸಂಜೀವ ಕೂಗಿ ಕರೆದ ಮೇಲೆ ಕುದ್ರಿನಿಂದ ಗಂಡಸರು ದೋಣಿಯಲ್ಲಿ ಬಂದರು. ಎರಡು ಸಾಲು ಹಲಗೆ, ನಡುವೆ ಮೆತ್ತಿದ ಜೇಡಿಮಣ್ಣು. ಮೇಲಿನವು ಎದ್ದವು. ಕೆಳಗಿನವು ಉಬ್ಬಿ ಕಚ್ಚಿಕೊಂಡಿದ್ದವು. ಇವರು ಕಂಬಗಳ ಮೇಲಿನ ಕಿರಿದಾದ ಕಾಲುದಾರಿಯಲ್ಲಿ ನಿಂತು ಹಗ್ಗದ ತುದಿ ಹಿಡಿದಿದ್ದರು. ಕಾಲಿಡುವ ಮೊದಲು ಅದನ್ನೂ ಕೊಡೆಯ ತುದಿಯಿಂದ ಎರಡು ಸಲ ಕುಟ್ಟಿ ನೋಡಿದ್ದರು. ಹೆದರಿಕೆ ಬಿಟ್ಟು ನಿಂತರು ಎಂದು ಯಾರಾದರೂ ಹೇಳಿದರೆ ಸುಳ್ಳು. ಹೆದರಿಕೊಂಡೇ ನಿಂತರು. ಐದು ಗಂಟೆಯ ಹೊತ್ತಿಗೆ ಮೊದಲು ಒಂದು ತೆಂಗಿನ ಗರಿ ತೇಲಿ ಬಂತು. ಆಮೇಲೆ ಕೆಂಪು ನೊರೆ. ಆಮೇಲೆ ನೀರಿನ ಸದ್ದೇ ಬದಲಾಯಿತು. ಎಂಟು ಕಿಂಡಿಗಳಲ್ಲಿ ಐದು ತೆರೆದಿದ್ದವು. ಉಳಿದ ಮೂರಕ್ಕೆ ಕೈ ಹಾಕಲು ಸಂಜೀವ ಯಾರನ್ನೂ ಬಿಡಲಿಲ್ಲ.

ಆ ದಿನ ಐಸಮ್ಮನ ಮನೆಗೆ ನೀರು ಬಂತು. ಮಂಚದ ಕೆಳಗಿನ ಮೊದಲನೆಯ ಕಲ್ಲು ಮುಳುಗಿತು, ಅದರ ಮೇಲಿಟ್ಟ ಎರಡನೆಯದು ಮುಳುಗಲಿಲ್ಲ. ಮಂಚ ಒಣಗಿಯೇ ಉಳಿಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ.

ಇಲ್ಲಿ ನನ್ನೊಳಗಿನ ವಾದಿ ಎದ್ದು ನಿಲ್ಲುತ್ತಾಳೆ. ಹಲಗೆ ಇದ್ದಿದ್ದರೆ ನೀರು ಎಲ್ಲಿಗೆ ಬರುತ್ತಿತ್ತು? ಗೊತ್ತಿಲ್ಲ. ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಇರುವುದಿಲ್ಲ. ಆದ ತೊಂದರೆಗೆ ಮಾತ್ರ ಸಾಕ್ಷಿ ಇತ್ತು: ಅದೊಂದು ಮಳೆಯ ನಂತರ ಆಕಾಶ ಮತ್ತೆ ಒಣಗಿತು, ತೆರೆದ ಕಿಂಡಿಗಳಿಂದ ಉಪ್ಪುನೀರು ಹತ್ತಿ ಮೇಲಿನ ಊರಿನ ಬಾವಿಗಳು ಕೆಟ್ಟವು. ಆ ಊರಿನವರು ದೂರು ಕೊಟ್ಟರು. ಮಳೆಗಾಲ ಹಿಡಿಯುವ ಮೊದಲೇ ವಿಚಾರಣೆಯಾಯಿತು.

“ಸಮೀಕ್ಷೆ ಮಾಡಿದ್ದು ಯಾರು?” ಎಂದು ಕೇಳಿದರು.

“ನಾನು,” ಎಂದರು ಇವರು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಮೂರು ನಿಮಿಷದಲ್ಲಿ ಯಾವ ವಿಷಯಕ್ಕೂ ಎರಡೂ ಕಡೆ ಮಾತಾಡಬಲ್ಲ ನನ್ನ ಬಾಯಿ ಆ ದಿನ ತೆರೆಯಲಿಲ್ಲ. ಕಡತದಲ್ಲಿ ತಪ್ಪು ಅವರ ಹೆಸರಿನಲ್ಲೇ ಉಂಟು. ಆ ಹದಿನೇಳು ಫಾರಂ ತುಂಬಿದವಳು ನಾನು ಎಂದು ಈಗ ಬರೆಯುತ್ತಿದ್ದೇನೆ, ಅವರು ಓದಲಾರದ ಹೊತ್ತಿನಲ್ಲಿ. ಮುಂದೆ ಅವರಿಗೆ ಯಾವ ಅಧ್ಯಯನವನ್ನೂ ಕೊಡಲಿಲ್ಲ. ನಿವೃತ್ತಿಯವರೆಗೆ ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಹೇಳಿದರು. ಮರುವರ್ಷದಿಂದ ಹಲಗೆಗಳನ್ನು ಮೇ ಮೊದಲಿಗೇ ತೆಗೆದರು. ಯಾಕೆಂದು ಯಾರೂ ಎಲ್ಲೂ ಬರೆಯಲಿಲ್ಲ.

ವಿಚಾರಣೆ ಮುಗಿದು ಮೆಟ್ಟಿಲು ಇಳಿಯುವಾಗ ನಾನು ಅಳುತ್ತಿದ್ದೆ. “ಸರ್, ನನ್ನ ಹೆಸರು ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮಗೆ ಸಿಟ್ಟು ಬರ್ತಿತ್ತು. ಸಿಟ್ಟು ಬಂದವರು ವಾದ ಮಾಡ್ತಾರೆ. ಹೆದರಿದವರು ಇನ್ನೊಮ್ಮೆ ಹೋಗಿ ಕೇಳ್ತಾರೆ. ಭಾನುವಾರ ಮೇಲಿನ ಊರಿಗೆ ಹೋಗುವ.”

“ಹೊಡೆದಾರು ಸರ್.”

“ನನಗೂ ಅದೇ ಹೆದರಿಕೆ.”

ಹೋದೆವು. ಮೊದಲನೆಯ ಮನೆಯ ಹೆಂಗಸು ಕೊಡಪಾನ ಸೊಂಟಕ್ಕಿಟ್ಟು ದೂರದಿಂದ ನೀರು ಹೊತ್ತು ಬರುತ್ತಿದ್ದಳು. ಇವರನ್ನು ನೋಡಿ ಕೊಡ ಕೆಳಗಿಟ್ಟಳು. “ನೀವಾ ಹಲಗೆ ತೆಗೆಸಿದ್ದು?”

“ಹೌದು, ನಾನೇ.”

ಆಕೆ ತನ್ನ ಬಾವಿಯಿಂದ ಒಂದು ಚೆಂಬು ನೀರು ಸೇದಿ ಅವರ ಕೈಗೆ ಕೊಟ್ಟಳು. “ಕುಡೀರಿ.” ಅವರು ಕುಡಿದರು, ಪೂರ್ತಿ. ಕೆಮ್ಮು ಬಂತು. ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. ನಾನು ಚೀಲದಿಂದ ನೋಟ್ ಪುಸ್ತಕ ತೆಗೆದೆ. ‘ಬಾವಿ ನೀರಿನ ಗುಣಮಟ್ಟದಲ್ಲಿ’ ಎಂದು ಶುರು ಮಾಡಿದ್ದೆ.

“ಎಂತ ಬರೀತಿದ್ದೀರಿ?” ಎಂದಳು ಆಕೆ.

ನಾನು ನಿಲ್ಲಿಸಿದೆ. “ನೀವು ಹೇಳಿ, ಎಂತ ಬರೀಬೇಕು?”

“ಉಪ್ಪು ಅಂತ ಬರೀರಿ. ಬೇರೆ ಎಂತದ್ದೂ ಬರೀಬೇಡಿ.”

ನಾನು ಅವರ ಕಡೆ ನೋಡಿದೆ. ಅವರು ಬಾಯಿ ಒರೆಸಿಕೊಂಡು, ನಾನು ಬರೆಯುವುದನ್ನೇ ಕಾಯುತ್ತಿದ್ದರು. ಮೊದಲಿನ ಸಾಲು ಹೊಡೆದು ಹಾಕಿ, ಅದನ್ನೊಂದೇ ಬರೆದೆ.